‘ದೇವರು ಸೇವೆಗೆ ಕರೀತಿದ್ದಾರೆ, ಹೆಂಡತಿ ಬಿಡ್ತಿಲ್ಲ’

ನನ್ನ ಹತ್ತಿರ ಸಲಹೆ ಕೇಳಲು ಬಂದ ಇವರಿಗೆ ನಲವತ್ತರ ಹತ್ತಿರ ವಯಸ್ಸು, ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಗುರುತು ಸಿಗಬಾರದೆಂದು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ಕೂತ ಕೂಡಲೇ ಕೇಳಿದ್ದು: “ಸಿಸ್ಟರ್, ದೇವರು ನನ್ನನ್ನು ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಕರೆಯುತ್ತಿದ್ದಾರೆ, ಹೆಂಡತಿ ಒಪ್ಪುತ್ತಿಲ್ಲ. ನಾನು ಯಾರ ಮಾತು ಕೇಳಬೇಕು?”

ಹೀಗೆ ಕೇಳಿದರೆ ಹೆಂಡತಿ ಪಾಪ ಆಗಲೇ ಸೋತಾಯ್ತು. ಅದಕ್ಕೆ ನಾನು ಉತ್ತರ ಕೊಡಲು ಹೋಗಲಿಲ್ಲ, ಈ ಕರೆ ಯಾವಾಗಿನಿಂದ ಇಷ್ಟು ಜೋರಾಯಿತು ಎಂದು ಕೇಳಿದೆ.

ಆಸೆ ಮೊದಲಿಂದಲೂ ಇತ್ತಂತೆ, ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯುವಕರ ಕೂಟ ಇವರೇ ನಡೆಸುತ್ತಾರೆ. ಆದರೆ ನಿದ್ದೆ ಬಿಡುವಷ್ಟು ಆಗಿದ್ದು ಆಫೀಸಿಗೆ ಹೊಸ ಮ್ಯಾನೇಜರ್ ಬಂದ ಮೇಲೆ. ಮಾತಾಡ್ತಾ ಮಾತಾಡ್ತಾ ವಿಷಯ ಹೊರಬಂತು: ಸುಳ್ಳು ಬಿಲ್‌ಗಳನ್ನು ಲೆಕ್ಕಕ್ಕೆ ಸೇರಿಸಿ ಸಹಿ ಹಾಕಿ ಅಂತ ಆತ ಒತ್ತಾಯ ಮಾಡುತ್ತಾನೆ, ಇವರು ಹಾಕುತ್ತಾರೆ, ಭಾನುವಾರ ಆರಾಧನೆಯಲ್ಲಿ ಅಳುತ್ತಾರೆ, ಸೋಮವಾರ ಮತ್ತೆ ಹಾಕುತ್ತಾರೆ. ಹೆಂಡತಿಗೆ ಇದು ಗೊತ್ತೇ ಇಲ್ಲ. ಒಳ್ಳೆ ಕೆಲಸವನ್ನು ಸುಮ್ನೆ ಬಿಡುತ್ತಿದ್ದಾರೆ ಅಂತಲೇ ಆಕೆ ಅಂದುಕೊಂಡಿದ್ದಾರೆ.

“ಈ ಬಿಲ್ ವಿಷಯದಲ್ಲಿ ದೇವರು ಏನು ಹೇಳುತ್ತಿದ್ದಾರೆ?” ಎಂದೆ.

ಸ್ವಲ್ಪ ಹೊತ್ತು ಬಿಟ್ಟು, “ಅದು ಗೊತ್ತಿರೋದೇ ಅಲ್ವಾ” ಎಂದರು.

ಸೇವೆಯ ಆಸೆ ಸುಳ್ಳು ಅಂತ ನನಗೆ ಅನ್ನಿಸಲಿಲ್ಲ. ಆದರೆ ರಾಜೀನಾಮೆ ಕೊಟ್ಟರೆ ಮ್ಯಾನೇಜರ್ ಎದುರು ‘ಆಗಲ್ಲ’ ಅನ್ನುವ ಕಷ್ಟ ತಪ್ಪುತ್ತದೆ, ಮೇಲಿಂದ ತ್ಯಾಗ ಅಂತ ಹೊಗಳಿಕೆಯೂ ಸಿಗುತ್ತದೆ. ಇದನ್ನು ಅವರಿಗೇ ನೇರವಾಗಿ ಹೇಳಿದೆ. ಬೇಜಾರಾಯಿತು, ಆದರೆ ಎದ್ದು ಹೋಗಲಿಲ್ಲ.

ಬೈಬಲಿನಲ್ಲಿ ಲೂಕ 3ನೇ ಅಧ್ಯಾಯ ತೆಗೆದೆವು. ಸುಂಕ ವಸೂಲಿ ಮಾಡುವವರು ಪ್ರವಾದಿ ಸ್ನಾನಿಕ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಕೆಲಸ ಬಿಡಿ ಅಂತ ಅವನು ಹೇಳುವುದಿಲ್ಲ, ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅನ್ನುತ್ತಾನೆ. “ಸುಂಕದವನಾದ ಲೇವಿ ಸುಂಕದ ಕಟ್ಟೆಯಿಂದ ಎದ್ದು ಹೋದನಲ್ಲ, ಸಿಸ್ಟರ್?” ಎಂದರು. ಒಳ್ಳೆ ಪ್ರಶ್ನೆ. ಹೋದ, ಯೇಸುಸ್ವಾಮಿಯೇ ಕರೆದರು. ಆದರೆ ಮಾರ್ಕ 5ರಲ್ಲಿ ದೆವ್ವ ಬಿಟ್ಟುಹೋದ ಮನುಷ್ಯ ನಾನೂ ಜೊತೆಗೆ ಬರುತ್ತೇನೆ ಅಂತ ಬೇಡಿಕೊಂಡಾಗ, ಬೇಡ, ಮನೆಗೆ ಹೋಗಿ ನಿನ್ನವರಿಗೆ ಹೇಳು ಅಂತ ಕಳಿಸಿದವರೂ ಅವರೇ. ಅಪೊಸ್ತಲ ಪೌಲನಂತೂ ಕೊರಿಂಥ ಪಟ್ಟಣದಲ್ಲಿ ಗುಡಾರ ಮಾಡಿಕೊಂಡೇ ಸುವಾರ್ತೆ ಸಾರಿದ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಇವತ್ತೇ ಹೆಂಡತಿಗೆ ಬಿಲ್ ವಿಷಯ ಪೂರ್ತಿ ಹೇಳಿ. ಮುಂದಿನ ಸುಳ್ಳು ಬಿಲ್‌ಗೆ ಸಹಿ ಬೇಡ, ಜಗಳ ಬೇಡ, ಕಾರಣವನ್ನು ಬರವಣಿಗೆಯಲ್ಲೇ ಕೊಡಿ. ಈಗಾಗಲೇ ಹಾಕಿದ ಸಹಿಗಳನ್ನೂ ಮುಚ್ಚಿಡುವ ಹಾಗಿಲ್ಲ, ಆದರೆ ಕಂಪನಿಯ ಮೇಲಿನವರಿಗೆ ತಿಳಿಸುವ ಮೊದಲು ಒಬ್ಬ ವಕೀಲರನ್ನು ಕೇಳಿ. ಇದರಿಂದ ಕೆಲಸ ಹೋಗಬಹುದು, ಹೋಗಲ್ಲ ಅಂತ ನಾನು ಭರವಸೆ ಕೊಡಲಾರೆ. ಸೇವೆಯ ತೀರ್ಮಾನ ಮಾತ್ರ ಈ ಗಲಾಟೆ ಮುಗಿಯುವವರೆಗೆ ಬೇಡ. ಆಮೇಲೆ ಅದನ್ನು, ನಿಮ್ಮ ಮುಖಕ್ಕೇ ‘ಇಲ್ಲ’ ಅನ್ನುವ ಧೈರ್ಯ ಇರುವಂಥ ಸಭೆಯ ಹಿರಿಯರ ಮುಂದೆ ಇಡಿ.

ಮುಂದಿನ ಸಲ ಹೆಂಡತಿಯೂ ಬಂದರು. “ಸೇವೆ ಬೇಡ ಅಂತ ನಾನೆಲ್ಲಿ ಅಂದೆ? ಮನೆ ನಡೆಯೋದು ಹೇಗೆ ಅಂತ ಕೇಳಿದ್ದೆ ಅಷ್ಟೆ” ಎಂದರು, ಸ್ವಲ್ಪ ಸಿಟ್ಟಲ್ಲೇ. ಇವರು ಸಹಿ ಹಾಕುವುದು ನಿಲ್ಲಿಸಿದ್ದಾರೆ. ಮ್ಯಾನೇಜರ್ ಮುಖ ಕೊಟ್ಟು ಮಾತಾಡುತ್ತಿಲ್ಲವಂತೆ, ಬೇರೆ ಕಡೆ ಕೆಲಸ ಹುಡುಕುವುದೂ ನಡೆದಿದೆ. ಹಿರಿಯರ ಜೊತೆ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡುವುದು ಇನ್ನೂ ಬಾಕಿ ಇದೆ.