ಈಗಲೇ ಸಿಗುವ ಕಡಿಮೆ ಹಣವನ್ನೇ ನಾವು ಏಕೆ ಆರಿಸಿಕೊಳ್ಳುತ್ತೇವೆ?

ಇಂದು ಕೈಗೆ ಬರುವ 1,000 ರೂಪಾಯಿ ಬಿಟ್ಟು, ತಿಂಗಳಾದ ಮೇಲೆ ಬರುವ 1,100 ರೂಪಾಯಿಗೆ ಕಾಯಲು ತಮ್ಮಿಂದಾಗುವುದಿಲ್ಲವೆಂದೂ ಇದು ದಡ್ಡತನವೇ ಎಂದೂ ನೀವು ಕೇಳಿದ್ದೀರಿ. ಉತ್ತರಕ್ಕೆ ಮೊದಲು ಇನ್ನೊಂದು ಆಯ್ಕೆಯನ್ನು ಯೋಚಿಸಿ ನೋಡಿ: 12 ತಿಂಗಳ ನಂತರ 1,000, ಇಲ್ಲವೇ 13 ತಿಂಗಳ ನಂತರ 1,100. ಇಂದಿನ ಸಾವಿರವನ್ನು ಬಿಡಲಾರದ ಹಲವರು ಇಲ್ಲಿ 13ನೆಯ ತಿಂಗಳಿಗೆ ಸುಲಭವಾಗಿ ಒಪ್ಪುತ್ತಾರೆ. ಎರಡೂ ಕಡೆ ಕಾಯಬೇಕಾದದ್ದು ಒಂದೇ ತಿಂಗಳು, ಹೆಚ್ಚು ಸಿಗುವುದೂ ಅದೇ ನೂರು ರೂಪಾಯಿ. ಆದರೂ ಎದುರಿಗಿರುವ ತಿಂಗಳು ದೂರದ ತಿಂಗಳಿಗಿಂತ ಉದ್ದವಾಗಿ ತೋರುತ್ತದೆ.

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈಗ ಸಿಗುವ 15 ಡಾಲರ್ ಬಹುಮಾನವನ್ನು ಮುಂದೂಡಬೇಕಾದರೆ ಎಷ್ಟು ಕೊಡಬೇಕೆಂದು ಜನರನ್ನು ಕೇಳಿದ್ದರು. ಉತ್ತರಗಳ ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಉತ್ತರ) ಒಂದು ತಿಂಗಳಿಗೆ 20, ಒಂದು ವರ್ಷಕ್ಕೆ 50, ಹತ್ತು ವರ್ಷಕ್ಕೆ 100 ಡಾಲರ್. ಕ್ಷಣಕ್ಷಣಕ್ಕೂ ಚಕ್ರಬಡ್ಡಿ ಕೂಡುವ ವಾರ್ಷಿಕ ದರದ ಲೆಕ್ಕಕ್ಕೆ ಇಳಿಸಿದರೆ ಇವು ಕ್ರಮವಾಗಿ ಶೇ. 345, 120 ಮತ್ತು 19 ಆಗುತ್ತವೆ. ಅಂದರೆ ನಮ್ಮ ಅವಸರಕ್ಕೆ ಒಂದು ನಿಶ್ಚಿತ ದರವಿಲ್ಲ. ಅದು ಹೊಸ್ತಿಲ ಬಳಿ ಏರಿ, ದೂರ ಹೋದಂತೆ ಇಳಿಯುತ್ತದೆ.

ಇದನ್ನು ನಾನು ಕಲಿತದ್ದು ಮಾತ್ರ ಚೀಟಿಯಲ್ಲಿ. ಇಪ್ಪತ್ತು ಜನ, ತಿಂಗಳಿಗೆ ತಲಾ 5,000, ಒಟ್ಟು ಒಂದು ಲಕ್ಷದ ಚೀಟಿ. ಪ್ರತಿ ತಿಂಗಳು ಹೆಚ್ಚು ಬಿಟ್ಟುಕೊಡುತ್ತೇನೆಂದು ಕೂಗಿದವರಿಗೆ ಉಳಿದ ಮೊತ್ತ. ಹತ್ತನೆಯ ತಿಂಗಳಿಗೆ ಮೊದಲು ಕೂಗುವುದಿಲ್ಲವೆಂದು ಆರಂಭದಲ್ಲಿಯೇ ಡೈರಿಯಲ್ಲಿ ಬರೆದಿಟ್ಟಿದ್ದೆ. ಮೂರನೆಯ ತಿಂಗಳಲ್ಲಿ ಆಯುಧಪೂಜೆ ಬಂತು, ಶೋರೂಮಿನಲ್ಲಿ ಹೊಸ ಸ್ಕೂಟರ್ ಕಂಡಿತು. 25,000 ಬಿಟ್ಟುಕೊಟ್ಟು 75,000ಕ್ಕೆ ಚೀಟಿ ಎತ್ತಿದೆ. ನಾನು ಬಿಟ್ಟ ಹಣದಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಕಳೆದು ಉಳಿದದ್ದು ಎಲ್ಲರಿಗೂ ಸಾವಿರದಂತೆ ಹಂಚಿಹೋಯಿತು. ಒಂಬತ್ತನೆಯ ತಿಂಗಳಲ್ಲಿ ಅದೇ ಚೀಟಿಯ ಕೂಗು 12,000 ಬಿಟ್ಟುಕೊಡುವುದಕ್ಕೇ ನಿಂತಿತು. ಹಳೆಯ ಗಾಡಿ ಆ ಆರು ತಿಂಗಳು ಚೆನ್ನಾಗಿಯೇ ಓಡುತ್ತಿತ್ತು. ಹಾಗಾಗಿ ನನ್ನ ಅವಸರದ ಬೆಲೆ 13,000 ರೂಪಾಯಿ ಎಂದು ನಿಖರವಾಗಿ ಹೇಳಬಲ್ಲೆ.

ಆದರೆ ಎರಡನೆಯ ತಿಂಗಳಲ್ಲಿ ನನಗಿಂತ ಹೆಚ್ಚು ಬಿಟ್ಟುಕೊಟ್ಟು ಎತ್ತಿದವರೊಬ್ಬರಿದ್ದರು. ಅವರ ಮಗ ಆಸ್ಪತ್ರೆಯಲ್ಲಿದ್ದ; ಚೀಟಿ ಇರದಿದ್ದರೆ ಮೀಟರ್ ಬಡ್ಡಿಯೇ ಗತಿಯಾಗುತ್ತಿತ್ತು. ಹೊರಗಿನಿಂದ ನೋಡಿದರೆ ನಮ್ಮಿಬ್ಬರದೂ ಒಂದೇ ಬಗೆಯ ಆಯ್ಕೆ, ಆದರೆ ಅವರದನ್ನು ಅಸಹನೆ ಎನ್ನುವುದು ಅನ್ಯಾಯ. ಕೊಡುವವನು ನಾಳೆ ಕೊಡುತ್ತಾನೆಂಬ ಭರವಸೆಯಿಲ್ಲದಾಗ ಇಂದೇ ಪಡೆಯುವುದೂ ವಿವೇಕವೇ. ಮಾರ್ಷ್‌ಮೆಲೋ ಮಿಠಾಯಿಯ ಮುಂದೆ ಮಕ್ಕಳನ್ನು ಕೂರಿಸಿ, ಕಾದವರಿಗೆ ಎರಡನೆಯದನ್ನು ಕೊಡುತ್ತಿದ್ದ ಮನೋವಿಜ್ಞಾನಿ ವಾಲ್ಟರ್ ಮಿಷೆಲ್ ಅವರ ಪ್ರಯೋಗದಿಂದ, ಕಾಯಬಲ್ಲ ಮಗುವಿನ ಭವಿಷ್ಯವೇ ಉತ್ತಮವೆಂಬ ಮಾತು ಬಹಳ ಹಬ್ಬಿದೆ. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದಾಗ, ಮನೆಯ ಪರಿಸ್ಥಿತಿಯನ್ನೂ ಮಗುವಿನ ಮೊದಲಿನ ಸಾಮರ್ಥ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ನಂಟು ಬಹುಮಟ್ಟಿಗೆ ಕುಗ್ಗಿತು.

ಆದ್ದರಿಂದ ಹಣದ ತುರ್ತೂ ಕೊಡುವವನ ಬಗ್ಗೆ ಅನುಮಾನವೂ ಇಲ್ಲದೆ ನೀವು ಸಾವಿರವನ್ನೇ ಆರಿಸುತ್ತಿದ್ದರೆ ಮಾತ್ರ ಅದು ನನ್ನ ಸ್ಕೂಟರಿನ ಕಥೆಯಾಗುತ್ತದೆ. ಅದಕ್ಕೆ ಮನೋಬಲಕ್ಕಿಂತ, ಎರಡೂ ದಿನಗಳು ಇನ್ನೂ ದೂರವಿರುವಾಗಲೇ ಆಯ್ಕೆಯನ್ನು ಕಟ್ಟಿಹಾಕುವುದು ಹೆಚ್ಚು ಕೆಲಸ ಮಾಡುತ್ತದೆ. ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ವರದಿ ಮಾಡಿದ ಯೋಜನೆಯಲ್ಲಿ, ಮುಂದೆ ಸಂಬಳ ಏರಿದಾಗಲೆಲ್ಲ ಅದರ ಒಂದು ಪಾಲು ಉಳಿತಾಯಕ್ಕೆ ಹೋಗಲೆಂದು ನೌಕರರು ಮೊದಲೇ ಒಪ್ಪಿದ್ದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತು. ನಾನು ಮಾಡಿದ್ದು ಇನ್ನೂ ಸರಳ: ಮುಂದಿನ ಚೀಟಿಯನ್ನು ಪತ್ನಿಯ ಹೆಸರಿನಲ್ಲಿ ಹಾಕಿದೆ. ಏಳನೆಯ ತಿಂಗಳಲ್ಲಿ ಕೂಗೋಣವೇ ಎಂದು ಕೇಳಿದ್ದೂ ಉಂಟು. ಆಕೆ ಪಾಸ್‌ಬುಕ್ ಕೊಡಲಿಲ್ಲ.