ಸೈತಾನ ಬರುವ ಮೊದಲೇ ನಿಮ್ಮ ಕತೆ ಶುರುವಾಗಿದೆ

ಕೊಡಗಿನ ಸಿದ್ದಾಪುರದ ಕಡೆಯಿಂದ ಕತೆ ಕಳಿಸಿದ ಗೆಳೆಯರಿಗೆ ನಮಸ್ಕಾರ.

ನಿಮ್ಮ ಕತೆಯನ್ನು ಈಗಿರುವ ರೂಪದಲ್ಲಿ ನಾವು ಪ್ರಕಟಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ನೀವು ಆಸೆ ಇಟ್ಟುಕೊಂಡು ಓದುವುದು ಬೇಡ. ಆದರೆ ಒಂದು ಸಾಲು ಗೀಚಿ ವಾಪಸ್ ಕಳಿಸುವಂಥ ಕತೆಯೂ ಇದಲ್ಲ. ಇದರೊಳಗೆ ಒಂದು ಒಳ್ಳೆಯ ಕತೆ ಇದೆ. ಅದು ನಿಮ್ಮ ಕಣ್ಣಿಗೇ ಬಿದ್ದಿಲ್ಲ. ನಿಮ್ಮ ಹೆಸರು ಬಿಟ್ಟು ಈ ಉತ್ತರವನ್ನು ಇಲ್ಲಿ ಹಾಕುತ್ತಿದ್ದೇವೆ, ಯಾಕೆಂದರೆ ಇದೇ ತೊಂದರೆ ನಮಗೆ ಬರುವ ಬೇರೆ ಕತೆಗಳಲ್ಲೂ ಇದೆ.

ಕತೆ ಓದದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟ. ಸಾಹುಕಾರರು ಇರುವುದು ಬೆಂಗಳೂರಿನಲ್ಲಿ. ತೋಟದ ಲೆಕ್ಕ ಬರೆಯುವ ರೈಟರ್ ಅಂತೋಣಿ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನುಷ್ಯ. ಮಗಳ ನರ್ಸಿಂಗ್ ಕಾಲೇಜಿಗೆ ಫೀಸು ಕಟ್ಟಬೇಕು, ಕೈಯಲ್ಲಿ ದುಡ್ಡಿಲ್ಲ. ಒಂದು ಸಂಜೆ ಗೋಡೌನ್ ಹತ್ತಿರ ಕರಿ ಕೋಟು ಹಾಕಿದ ಸೈತಾನ ಎದುರಾಗುತ್ತಾನೆ. ಎರಡು ಪುಟ ಮಾತಾಡುತ್ತಾನೆ. ಭುಜದ ಮೇಲೆ ಕೈ ಇಡುತ್ತಾನೆ. ಅಂತೋಣಿಯ ಕೈಗಳು 'ತಾವಾಗಿಯೇ' ಬೀಗ ತೆಗೆಯುತ್ತವೆ. ಕರಿಮೆಣಸಿನ ಮೂಟೆಗಳು ಪಿಕಪ್ ಹತ್ತುತ್ತವೆ. ಸಿಕ್ಕಿಬಿದ್ದಾಗ ಅಂತೋಣಿ 'ನಾನಲ್ಲ, ಸೈತಾನ ಮಾಡಿಸಿದ' ಅಂತ ಅಳುತ್ತಾನೆ. ಸಾಹುಕಾರರು ಕ್ಷಮಿಸುತ್ತಾರೆ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚಿನ ಗಂಟೆ ಕೇಳಿಸುತ್ತದೆ.

ಜೊತೆಗಿನ ಕಾಗದದಲ್ಲಿ ನೀವು ಬರೆದಿದ್ದೀರಿ, ಸೈತಾನನ ಶಕ್ತಿ ಎಷ್ಟು ದೊಡ್ಡದು ಅಂತ ತೋರಿಸುವುದೇ ನಿಮ್ಮ ಉದ್ದೇಶ, ಬೈಬಲಿನಲ್ಲಿ ಇರುವುದೂ ಅದೇ ಅಂತ. ನಾನು ಒಪ್ಪುವುದಿಲ್ಲ. ಬೈಬಲಿನ ಸೈತಾನ ನಿಮ್ಮ ಸೈತಾನನಷ್ಟು ಬಲಶಾಲಿ ಅಲ್ಲ. ಯಾರ ಕೈಯನ್ನೂ ಅವನು ಹಿಡಿದು ಆಡಿಸುವುದಿಲ್ಲ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೂರನೇ ಅಧ್ಯಾಯವನ್ನೇ ತೆಗೆದುಕೊಳ್ಳಿ. ಅಲ್ಲಿ ಹಾವನ್ನು ಸೈತಾನ ಅಂತ ಎಲ್ಲೂ ಕರೆದಿಲ್ಲ. ಆ ಗುರುತು ಬರುವುದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ. ಹಾವು ಮಾಡುವುದಾದರೂ ಏನು? ಒಂದು ಪ್ರಶ್ನೆ ಕೇಳುತ್ತದೆ, ಒಂದು ಸುಳ್ಳು ಹೇಳುತ್ತದೆ. ಅಷ್ಟೇ. ದೇವರು ಬೇಡ ಅಂದಿದ್ದ ಹಣ್ಣು ತಿನ್ನಲು ಚೆನ್ನಾಗಿದೆ, ನೋಡಲು ಚೆನ್ನಾಗಿದೆ, ಬುದ್ಧಿ ಕೊಡುತ್ತದೆ ಅಂತ ಲೆಕ್ಕ ಹಾಕುವವಳು ಹವ್ವ. ಕೀಳುವ ಕೈ ಅವಳದು. ಆದಾಮನಂತೂ ಹಾವಿನ ಜೊತೆ ಮಾತೇ ಆಡದೆ ತಿಂದುಬಿಟ್ಟ. ಆಮೇಲೆ ಆದಾಮ ಹವ್ವಳನ್ನು ತೋರಿಸಿದ, ಹವ್ವ ಹಾವನ್ನು ತೋರಿಸಿದಳು. ದೇವರು ಆದಾಮನನ್ನು ಪ್ರಶ್ನೆ ಕೇಳಿದ, ಹವ್ವಳನ್ನು ಕೇಳಿದ. ಹಾವನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ನೇರವಾಗಿ ಶಪಿಸಿದ. ಉತ್ತರ ಕೊಡಬೇಕಾದವರು ಮನುಷ್ಯರು ಮಾತ್ರ. ಅವರ ನೆಪವೂ ಅವರನ್ನು ಉಳಿಸಲಿಲ್ಲ.

ಬೈಬಲಿನದೇ ಯೋಬನ ಪುಸ್ತಕ ಇನ್ನೂ ವಿಚಿತ್ರ. ದೇವಭಕ್ತನಾದ ಯೋಬನನ್ನು ಸೈತಾನ ಪರೀಕ್ಷಿಸುವ ಕತೆ ಅದು. ಅಲ್ಲಿ ಸೈತಾನ ದೇವರ ಅಪ್ಪಣೆ ಇಲ್ಲದೆ ಏನೂ ಮಾಡುವ ಹಾಗಿಲ್ಲ. ಆಸ್ತಿ ಮುಟ್ಟು, ಅವನ ಮೈ ಮುಟ್ಟಬೇಡ ಅನ್ನುವುದು ಮೊದಲ ಗಡಿ. ಮೈ ಮುಟ್ಟು, ಜೀವ ತೆಗೆಯಬೇಡ ಅನ್ನುವುದು ಎರಡನೆಯದು. ಯೋಬನ ಜೊತೆ ಸೈತಾನ ಒಂದು ಮಾತನ್ನೂ ಆಡುವುದಿಲ್ಲ. ದೇವರನ್ನು ಶಪಿಸಿ ಸಾಯಿ ಅಂತ ಹೇಳುವವಳು ಯೋಬನ ಹೆಂಡತಿ. 42 ಅಧ್ಯಾಯಗಳ ಪುಸ್ತಕದಲ್ಲಿ ಸೈತಾನ ಕಾಣಿಸುವುದು ಮೊದಲ ಎರಡರಲ್ಲಿ ಮಾತ್ರ. ಆಮೇಲಿನದೆಲ್ಲ ಯೋಬ ಮತ್ತು ಅವನ ಗೆಳೆಯರ ವಾದ, ಕೊನೆಗೆ ದೇವರ ಉತ್ತರ. ಬರೆದವನಿಗೆ ಸೈತಾನನನ್ನು ಯಾವಾಗ ಕಳಿಸಿಬಿಡಬೇಕು ಅಂತ ಗೊತ್ತಿತ್ತು. ಕತೆಗಾರರಾಗಿ ನೀವು ಇದನ್ನು ಗಮನಿಸಲೇಬೇಕು.

ಯೇಸುವಿನ ಪರೀಕ್ಷೆಯಲ್ಲೂ ಅಷ್ಟೇ. ಸೈತಾನ ಅವರನ್ನು ದೇವಾಲಯದ ತುದಿಯವರೆಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ನಿಂತು 'ಕೆಳಗೆ ಹಾರು' ಅನ್ನುತ್ತಾನೆ. ತಳ್ಳುವುದಿಲ್ಲ. ಹಾರಿದರೆ ಯೇಸುವೇ ಹಾರಬೇಕು.

ಯೇಸುವನ್ನು ದುಡ್ಡಿಗೆ ಹಿಡಿದುಕೊಟ್ಟ ಶಿಷ್ಯ ಯೂದನ ಮಾತು ನೀವು ಎತ್ತಬಹುದು. 'ಸೈತಾನ ಅವನೊಳಗೆ ಹೊಕ್ಕ' ಅಂತ ಶುಭಸಂದೇಶ ಬರೆದ ಲೂಕನೂ ಯೊವಾನ್ನನೂ ಸ್ಪಷ್ಟವಾಗಿಯೇ ಬರೆದಿದ್ದಾರೆ. ಹೌದು, ಬರೆದಿದ್ದಾರೆ. ನಿಮ್ಮ ಕತೆಗೆ ಬೆಂಬಲ ಇದ್ದರೆ ಇಲ್ಲೇ ಇರಬೇಕು. ಆದರೆ ಯೊವಾನ್ನನ ಶುಭಸಂದೇಶದಲ್ಲಿ ಆ ಮಾತು ಬರುವುದು 13ನೇ ಅಧ್ಯಾಯದಲ್ಲಿ. ಅದಕ್ಕೂ ಮುಂಚೆ 12ರಲ್ಲಿ ಯೊವಾನ್ನ ಇನ್ನೊಂದು ಸಂಗತಿ ಹೇಳಿದ್ದಾನೆ. ಶಿಷ್ಯರ ದುಡ್ಡಿನ ಚೀಲ ಯೂದನ ಕೈಯಲ್ಲಿತ್ತು, ಅದರಿಂದ ಅವನು ಕದಿಯುತ್ತಿದ್ದ. ಅಂದರೆ ಕಳ್ಳತನ ಮೊದಲು, ಸೈತಾನ ಆಮೇಲೆ. ಮತ್ತಾಯನಲ್ಲಿ ಯೂದ ತಾನಾಗಿಯೇ ಯಾಜಕರ ಹತ್ತಿರ ಹೋಗಿ, ನನಗೆ ಏನು ಕೊಡುತ್ತೀರಿ ಅಂತ ಕೇಳುತ್ತಾನೆ. 30 ಬೆಳ್ಳಿ ನಾಣ್ಯ ವಾಪಸ್ ಕೊಡುವಾಗ ಅವನು ಹೇಳುವುದು 'ನಾನು ಪಾಪ ಮಾಡಿದೆ' ಅಂತ. ಸೈತಾನ ಮಾಡಿಸಿದ ಅಂತ ಯೂದ ಕೂಡ ಹೇಳಲಿಲ್ಲ. ನಿಮ್ಮ ಅಂತೋಣಿ ಹೇಳುತ್ತಾನೆ.

ಈಗ ನಿಮ್ಮ ಕತೆಯ ಎರಡನೇ ಪುಟ ತೆಗೆಯಿರಿ. ಸೈತಾನ ಇನ್ನೂ ಬಂದಿಲ್ಲ. ಕಾಫಿ ಕುಯ್ಲಿನ ಸಂಜೆ, ಮೂಟೆಗಳ ತೂಕ ನಡೆಯುತ್ತಿದೆ. ಅಲ್ಲಿ ನೀವು ಹೀಗೆ ಬರೆದಿದ್ದೀರಿ: 'ಮುಳ್ಳು 52ಕ್ಕೆ ಬಂದು ನಿಂತಿತು. ಅಂತೋಣಿ 50 ಅಂತ ಬರೆದುಕೊಂಡ. ಹೆಂಗಸು ಮುಳ್ಳನ್ನೇ ನೋಡುತ್ತಿದ್ದಳು.' ಇಷ್ಟು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ಈ ಮೂರು ಸಾಲು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ತೋಟದ ವ್ಯವಹಾರ ಬಲ್ಲವರಿಗೆ ಇದರ ಅರ್ಥ ಗೊತ್ತು. ಕುಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಾಹುಕಾರರಿಗೆ 52ರ ಲೆಕ್ಕ, ಕುಯ್ದವಳಿಗೆ 50ರ ಲೆಕ್ಕ. ನಡುವಿನ ಎರಡು ಕಿಲೋದ ಕೂಲಿ ರೈಟರ್ ಜೇಬಿಗೆ. ಒಬ್ಬರದಾದರೆ ಅದೇನು ದೊಡ್ಡ ದುಡ್ಡಲ್ಲ. ಸಾಲಿನಲ್ಲಿ ನಿಂತ ಎಲ್ಲರ ಮೂಟೆಯಿಂದಲೂ, ಕುಯ್ಲು ಮುಗಿಯುವವರೆಗೂ ತೆಗೆದರೆ? ನಿಮ್ಮ ಕತೆ ಇದೇ. ಸೈತಾನ ಬರುವ ಮೊದಲೇ ಶುರುವಾಗಿದೆ.

ನಮ್ಮ ಪುರಾಣದಲ್ಲೂ ಇದಕ್ಕೊಂದು ಜೋಡಿ ಇದೆ. ನಳನ ಮೈಯೊಳಗೆ ಹೊಗಲು ಕಲಿ ಹನ್ನೆರಡು ವರ್ಷ ಸಂದು ಹುಡುಕುತ್ತಾ ಕಾದ. ನಳ ಒಂದು ದಿನ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತಾಗ ಒಳಗೆ ಹೊಕ್ಕ. ಆಮೇಲೆ ನಳ ಜೂಜಿನಲ್ಲಿ ರಾಜ್ಯ ಕಳೆದುಕೊಂಡ. ಈ ಕತೆಯನ್ನು ಕಾಡಿನಲ್ಲಿ ಕೂತು ಕೇಳಿದವನು ಧರ್ಮರಾಯ. ಅವನೂ ಜೂಜಾಡಿ ರಾಜ್ಯ ಕಳೆದುಕೊಂಡವನೇ. ಆದರೆ ಅವನೊಳಗೆ ಯಾವ ಕಲಿಯೂ ಹೊಕ್ಕಿರಲಿಲ್ಲ. ಒಂದು ಸಲ ಎಲ್ಲ ಕಳೆದುಕೊಂಡು, ವಾಪಸ್ ಸಿಕ್ಕಿ, ಮತ್ತೆ ಕರೆದಾಗ ಮತ್ತೆ ಹೋಗಿ ಕೂತ. ಎರಡರಲ್ಲಿ ನನ್ನನ್ನು ಜಾಸ್ತಿ ಕಾಡುವುದು ಧರ್ಮರಾಯನೇ.

ಬೇರೆ ಕಡೆಯೂ ಇದೇ ಮಾತಿದೆ. ನಿಮ್ಮ ನೆರೆಯ ಮುಸ್ಲಿಮರನ್ನು ಕೇಳಿ. ಕುರ್‌ಆನಿನ 14ನೇ ಅಧ್ಯಾಯದಲ್ಲಿ, ತೀರ್ಪಿನ ದಿನ ಸೈತಾನನೇ ಎದ್ದು ನಿಂತು ಮಾತಾಡುತ್ತಾನೆ. ನಿಮ್ಮ ಮೇಲೆ ನನಗೆ ಅಧಿಕಾರ ಇರಲಿಲ್ಲ, ನಾನು ಕರೆದೆ, ನೀವು ಓಗೊಟ್ಟಿರಿ, ನನ್ನನ್ನು ದೂರಬೇಡಿ, ನಿಮ್ಮನ್ನೇ ದೂರಿಕೊಳ್ಳಿ ಎಂಬುದು ಅವನ ಮಾತಿನ ಸಾರ. ಎಂಥ ಭಯಂಕರ ಮಾತು ನೋಡಿ. ಎರಡು ಪುಟದ ಭಾಷಣಕ್ಕಿಂತ ಇದು ಹೆಚ್ಚು ಹೆದರಿಸುತ್ತದೆ. ಭಗವದ್ಗೀತೆಯ ಮೂರನೇ ಅಧ್ಯಾಯದಲ್ಲಿ ಅರ್ಜುನ ಕೇಳುವುದೂ ಅಂತೋಣಿಯ ಪ್ರಶ್ನೆಯನ್ನೇ. ಬೇಡ ಅಂದರೂ ಯಾರೋ ಬಲವಂತದಿಂದ ಮಾಡಿಸಿದ ಹಾಗೆ ಮನುಷ್ಯ ಪಾಪ ಮಾಡುತ್ತಾನಲ್ಲ, ಯಾರು ಮಾಡಿಸುವುದು? ಕೃಷ್ಣ ಹೊರಗಿನ ಯಾರನ್ನೂ ತೋರಿಸುವುದಿಲ್ಲ. ಕಾಮ, ಕ್ರೋಧ ಅನ್ನುತ್ತಾನೆ.

13ನೇ ಶತಮಾನದಲ್ಲಿ ಕ್ರೈಸ್ತ ಧರ್ಮಪಂಡಿತ ಸಂತ ತೋಮಸ್ ಅಕ್ವಿನಾಸ್ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡರು. ಮನುಷ್ಯರ ಎಲ್ಲ ಪಾಪಕ್ಕೂ ಸೈತಾನನ ಪ್ರೇರಣೆಯೇ ಕಾರಣವೇ? ಅವರ ಉತ್ತರ, ಇಲ್ಲ. ಸೈತಾನ ಇರದಿದ್ದರೂ ಮನುಷ್ಯನಿಗೆ ಊಟದ ಆಸೆ, ಮೈಯ ಆಸೆ ಇದ್ದೇ ಇರುತ್ತಿತ್ತು. ಸೈತಾನ ಪುಸಲಾಯಿಸಬಲ್ಲ, ಒಪ್ಪಿಗೆ ಮಾತ್ರ ಮನುಷ್ಯನೇ ಕೊಡಬೇಕು.

ನಿಮ್ಮ ಪರವಾಗಿ ಮಾತಾಡುವ ದೊಡ್ಡವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1524ರಲ್ಲಿ ಯುರೋಪಿನ ವಿದ್ವಾಂಸ ಎರಾಸ್ಮಸ್ ಮನುಷ್ಯನಿಗೆ ಆಯ್ಕೆಯ ಸ್ವಾತಂತ್ರ್ಯ ಇದೆ ಅಂತ ಬರೆದರು. ಮರುವರ್ಷ ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಇಲ್ಲ ಅಂತ ಉತ್ತರ ಕೊಟ್ಟರು. ಮನುಷ್ಯನ ಇಚ್ಛೆ ಸವಾರಿಯ ಪ್ರಾಣಿ ಇದ್ದ ಹಾಗೆ, ದೇವರು ಹತ್ತಿದರೆ ದೇವರ ದಾರಿ, ಸೈತಾನ ಹತ್ತಿದರೆ ಸೈತಾನನ ದಾರಿ ಅನ್ನುವುದು ಲೂಥರ್ ಮಾತು. ಆದರೂ ಅವರು ಒಂದು ವಿಷಯ ಬಿಟ್ಟುಕೊಡಲಿಲ್ಲ. ಪಾಪ ಮಾಡುವವನನ್ನು ಕತ್ತು ಹಿಡಿದು ಯಾರೂ ಎಳೆದುಕೊಂಡು ಹೋಗುವುದಿಲ್ಲ, ಅವನು ಮನಸ್ಸಿಟ್ಟೇ ಮಾಡುತ್ತಾನೆ ಅಂದರು. ನಿಮ್ಮ 'ತಾವಾಗಿಯೇ' ಆಡಿದ ಕೈಗಳಿಗೆ ಲೂಥರ್ ಹತ್ತಿರವೂ ಜಾಗ ಇಲ್ಲ.

ಇಷ್ಟೆಲ್ಲ ಹೇಳಿದ್ದು ಅಂತೋಣಿಯ ಮೇಲೆ ಕಲ್ಲು ಹೊರಿಸುವುದಕ್ಕಲ್ಲ. ಅವನ ಕಷ್ಟ ನಿಜ. ಫೀಸಿನ ಕೊನೆಯ ದಿನಾಂಕ ನಿಜ, ರೈಟರ್ ಸಂಬಳ ಕಡಿಮೆ ಅನ್ನುವುದೂ ನಿಜ. ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಕುಡಿತಕ್ಕೆ ಬಿದ್ದವರ ಕೈ ನಡುಗುವುದನ್ನು ನೋಡಿದ ಯಾರೂ, ಬಿಡಬೇಕು ಅಂದುಕೊಂಡರೆ ಬಿಡಬಹುದು ಅಂತ ಸಲೀಸಾಗಿ ಹೇಳುವುದಿಲ್ಲ. ಮನುಷ್ಯನ ಸ್ವಾತಂತ್ರ್ಯ ಎಲ್ಲ ಹೊತ್ತಲ್ಲೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಕೆಲವೊಮ್ಮೆ ತುಂಬಾ ಚಿಕ್ಕದಾಗಿರುತ್ತದೆ. ಪೆನ್ನು ಪುಸ್ತಕ ಮುಟ್ಟುವ ಮೊದಲಿನ ಒಂದು ಕ್ಷಣದಷ್ಟು. ಆ ಕ್ಷಣದೊಳಗೆ ಹೋಗಿ ನೋಡುವವನೇ ಕತೆಗಾರ. ನೀವು ಅಲ್ಲಿಗೆ ಕೋಟು ಹಾಕಿದವನೊಬ್ಬನನ್ನು ಕರೆತಂದು, ಅಂತೋಣಿಯಿಂದ ಅದನ್ನೂ ಕಿತ್ತುಕೊಂಡಿದ್ದೀರಿ. ಅವನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಬೊಂಬೆ ಮಾಡಿಬಿಟ್ಟಿದ್ದೀರಿ.

ಅದಕ್ಕಿಂತ ನನಗೆ ನೋವಾದದ್ದು ಇನ್ನೊಂದು. ಮುಳ್ಳು ನೋಡುತ್ತಾ ನಿಂತ ಆ ಹೆಂಗಸು ಮತ್ತೆ ಕತೆಗೆ ಬರುವುದೇ ಇಲ್ಲ. ಸಾಹುಕಾರರ ಮೆಣಸು ವಾಪಸ್ ಬಂತು, ಸಾಹುಕಾರರು ಕ್ಷಮಿಸಿದರು, ಸಂತೋಷ. ಅವಳ ಎರಡು ಕಿಲೋ? ಅದನ್ನು ಕ್ಷಮಿಸಬೇಕಾದವಳು ಅವಳಲ್ವಾ? ತಪ್ಪು ಸೈತಾನನ ತಲೆಗೆ ಹೋದ ಕೂಡಲೇ ಲೆಕ್ಕ ದೇವರಿಗೂ ಸೈತಾನನಿಗೂ ನಡುವಿನದಾಗಿಬಿಡುತ್ತದೆ. ಮೋಸ ಹೋದವರು ಕಣ್ಣಿಗೇ ಬೀಳುವುದಿಲ್ಲ. ಇದು ಕತೆಯಲ್ಲಿ ಮಾತ್ರ ಆಗುವುದಲ್ಲ, ನಮ್ಮ ಊರುಗಳಲ್ಲಿ ಎಷ್ಟು ಸಲ ನೋಡಿಲ್ಲ! ಕುಡಿದು ಹೆಂಡತಿಗೆ ಹೊಡೆದವನು ಬೆಳಿಗ್ಗೆ ಎದ್ದು 'ಯಾವುದೋ ಮೈಮೇಲೆ ಬಂದಿತ್ತು' ಅನ್ನುತ್ತಾನೆ. ಸುತ್ತ ಇರುವವರು ಅವನಿಗೇ ಅಯ್ಯೋ ಪಾಪ ಅನ್ನುತ್ತಾರೆ. ದಯವಿಟ್ಟು ಆ ಹೆಂಗಸಿಗೆ ಒಂದು ಹೆಸರು ಕೊಡಿ. ಅವಳು ಮುಳ್ಳು ನೋಡಿದ ಮೇಲೆ ಅಂತೋಣಿಯ ಮುಖ ನೋಡಿದಳಾ? ಅದನ್ನು ಬರೆಯಿರಿ.

ಚರ್ಚಿನ ವಿಷಯವೂ ಇದಕ್ಕೇ ಸೇರುತ್ತದೆ. ಪೂಜೆಯ ಶುರುವಿನಲ್ಲೇ ಎದೆ ಬಡಿದುಕೊಂಡು ತಪ್ಪು ನನ್ನದೇ ಅಂತ ಒಪ್ಪಿಕೊಳ್ಳುವ ಪ್ರಾರ್ಥನೆ ಇದೆ. ಈಸ್ಟರ್ ಹಿಂದಿನ ರಾತ್ರಿ ಮೊಂಬತ್ತಿ ಹಿಡಿದು ನಿಂತವರನ್ನು ಗುರುಗಳು ಸೈತಾನನನ್ನು ತ್ಯಜಿಸುತ್ತೀರಾ ಅಂತ ಕೇಳುತ್ತಾರೆ. ಹೌದು ಅನ್ನುವ ಶಕ್ತಿ ಜನರಿಗೆ ಇಲ್ಲದಿದ್ದರೆ ಆ ಪ್ರಶ್ನೆಯನ್ನು ಯಾಕೆ ಕೇಳಬೇಕು? ಅಂತೋಣಿ ಇದನ್ನೆಲ್ಲ ಚಿಕ್ಕಂದಿನಿಂದ ಹೇಳಿಕೊಂಡು ಬಂದವನು. ಸಿಕ್ಕಿಬಿದ್ದ ದಿನ ಆ ಮಾತುಗಳು ಅವನ ಗಂಟಲಲ್ಲಿ ಸಿಕ್ಕಿಕೊಳ್ಳಬೇಕಿತ್ತು. ನೀವು ಸುಮ್ನೆ ಗಂಟೆ ಹೊಡೆಸಿ ಕೈತೊಳೆದುಕೊಂಡಿದ್ದೀರಿ. ಅದೂ ವಿರಾಜಪೇಟೆಯ ಗಂಟೆ ಸಿದ್ದಾಪುರದ ತೋಟಕ್ಕೆ ಕೇಳಿಸುವುದಿಲ್ಲ.

ಸೈತಾನನನ್ನು ಕತೆಯಿಂದ ತೆಗೆದುಹಾಕಿ ಅಂತ ನಾನು ಹೇಳುವುದಿಲ್ಲ. ನಿಮಗೆ ಅವನ ಮೇಲೆ ನಂಬಿಕೆ ಇದೆ, ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಕೋಟು, ಕೆಂಪು ಕಣ್ಣು, ಪುಸ್ತಕದ ಭಾಷೆ ಬೇಡ. ಅಂತೋಣಿಯನ್ನು ಹಾಳು ಮಾಡಬಲ್ಲ ಮಾತು ಚಹಾ ಅಂಗಡಿಯ ಮಾತಿನಷ್ಟು ಸಲೀಸಾಗಿರಬೇಕು. 'ಎಲ್ಲಾ ರೈಟರುಗಳೂ ಮಾಡ್ತಾರೆ ಬಿಡು.' 'ಸಾಹುಕಾರ್ರಿಗೆ ಏನು ಕಮ್ಮಿ?' 'ಮಗಳಿಗೋಸ್ಕರ ತಾನೆ?' ಇದನ್ನು ಹೇಳಿದವನು ಸೈತಾನನೋ, ಪಿಕಪ್ ಡ್ರೈವರೋ, ಅಂತೋಣಿಯೇ ತನಗೆ ತಾನೇ ಹೇಳಿಕೊಂಡನೋ ಅನ್ನುವುದು ಓದುವವರಿಗೆ ಕೊನೆಯವರೆಗೂ ಗೊತ್ತಾಗದಿದ್ದರೂ ಪರವಾಗಿಲ್ಲ. ಸರಿ ಅಂತ ಅವನು ಒಪ್ಪಿಕೊಂಡ ಕ್ಷಣ ಮಾತ್ರ ಎದ್ದು ಕಾಣಬೇಕು.

ಒಂದು ಚಿಕ್ಕ ತಪ್ಪು. ಡಿಸೆಂಬರ್ ಸಂಜೆ ಕಣದ ತುಂಬಾ ಹೊಸ ಮೆಣಸು ಒಣಗಿಸಿದ್ದೀರಿ. ನಮ್ಮಲ್ಲಿ ಮೆಣಸು ಕುಯ್ಯುವುದು ಕಾಫಿ ಮುಗಿಯುತ್ತಾ ಬಂದ ಮೇಲೆ, ಫೆಬ್ರವರಿ, ಮಾರ್ಚ್ ಹೊತ್ತಿಗೆ. ರೇಟು ಬರಲಿ ಅಂತ ಗೋಡೌನಿನಲ್ಲಿ ಇಟ್ಟ ಹೋದ ವರ್ಷದ ಮೆಣಸು ಅಂತ ಮಾಡಿ, ಸರಿಹೋಗುತ್ತದೆ.

ಇಡೀ ಕತೆಯನ್ನು ಈಗಲೇ ತಿದ್ದಲು ಹೋಗಬೇಡಿ. ಮೊದಲು ಆ ತೂಕದ ಸಂಜೆಯನ್ನು ಮಾತ್ರ ಬರೆದು ಕಳಿಸಿ. ಮೂರು ಸಾಲು ನಾಲ್ಕು ಪುಟ ಆಗಲಿ. ಹಾಜರಿ, ಕೂಲಿ ಬರೆಯುವ ಚೆಕ್‌ರೋಲ್ ಪುಸ್ತಕ, ಮೇಸ್ತ್ರಿ, ಸಾಲಿನಲ್ಲಿ ನಿಂತವರು, ಅವರು ಆಡುವ ಭಾಷೆಗಳು ಎಲ್ಲಾ ಬರಲಿ. ಅದನ್ನು ಓದಿದ ಮೇಲೆ ಮೆಣಸಿನ ಕಳ್ಳತನ ಈ ಕತೆಗೆ ಬೇಕೋ ಬೇಡವೋ ಅಂತ ಇಬ್ಬರೂ ಕೂತು ಮಾತಾಡೋಣ.

ನಿಮ್ಮ
ಸಂಪಾದಕ