ಟ್ಯಾಂಕ್ ಡಿಪ್‌ಗೂ ಮೀಟರ್‌ಗೂ ತಾಳೆ ಆಗುತ್ತಿಲ್ಲ, ಮೀಟರ್ ಬದಲಿಸಬೇಕಾ?

ಬೇಡ ಮಾರಾಯ್ರೆ. ಡಿಪ್, ಅಂದರೆ ಟ್ಯಾಂಕಿಗೆ ಟೇಪ್ ಇಳಿಸಿ ಅಳೆದದ್ದು, ಒಂದು ಹೇಳುತ್ತದೆ, ಪೈಪಿನ ಮೀಟರ್ ಇನ್ನೊಂದು ಹೇಳುತ್ತದೆ, ಹಾಗಾಗಿ ಈಗಿನ ಕೊರಿಯಾಲಿಸ್ (ಹರಿಯುವ ತೂಕ ಅಳೆಯುವ ಮೀಟರ್) ತೆಗೆದು ಅಲ್ಟ್ರಾಸಾನಿಕ್ (ಶಬ್ದದ ಅಲೆಯಿಂದ ಹರಿವು ಅಳೆಯುವಂಥದ್ದು) ಹಾಕಿಸುವುದಾ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನಗೆ ಪಣಂಬೂರಿನ ಆ ಹನ್ನೊಂದು ದಿನ ನೆನಪಾಯಿತು.

ನಾನಾಗ ಅಲ್ಲಿನ ಒಂದು ತೈಲ ಟರ್ಮಿನಲ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್. ನಮ್ಮ ಟ್ಯಾಂಕಿನಿಂದ ಪಕ್ಕದ ಗಿರಾಕಿಯ ಟ್ಯಾಂಕಿಗೆ ಪೈಪಿನಲ್ಲೇ ಡೀಸೆಲ್ ಹೋಗುತ್ತಿತ್ತು, ಗಂಟೆಗೆ ಸುಮಾರು 60 ಟನ್. ಏಪ್ರಿಲ್‌ನ ಒಂದು ಶನಿವಾರ ಗ್ಯಾಸ್ಕೆಟ್ ಬದಲಿಸಲು ಮೀಟರ್ ಬಿಚ್ಚಿ ಮತ್ತೆ ಕೂರಿಸಿದೆವು. ಕೂರಿಸಿದ ಮೇಲೆ ಝೀರೋ ಮಾಡಬೇಕು. ಅಂದರೆ ಪೈಪ್ ತುಂಬಿರುವಾಗಲೇ ಹರಿವು ಪೂರ್ತಿ ನಿಲ್ಲಿಸಿ, ಇದೇ ಸೊನ್ನೆ ಅಂತ ಮೀಟರ್‌ಗೆ ಕಲಿಸುವುದು. ಅವತ್ತು ಮನೆಯಲ್ಲಿ ಕೋಲ. ನಾಲ್ಕು ಗಂಟೆಯ ಬಸ್ ಹಿಡಿಯಲೇಬೇಕಿತ್ತು.

ಎಡವಿದ್ದು ಇಲ್ಲಿ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಮೀಟರ್‌ನ ಎರಡೂ ಕಡೆಯ ವಾಲ್ವ್ ಮುಚ್ಚಬೇಕಿತ್ತು. ನಾನು ಮುಂದಿನದನ್ನು ಮಾತ್ರ ಮುಚ್ಚಿದೆ. ಆ ವಾಲ್ವ್ ಪಾಸಿಂಗ್ ಇತ್ತು. ಹ್ಯಾಂಡಲ್ ಪೂರ್ತಿ ತಿರುಗಿದರೂ ಒಳಗೆ ಸೀಟ್ ಸವೆದು ಗಂಟೆಗೆ 300 ಕಿಲೋದಷ್ಟು ಡೀಸೆಲ್ ಸದ್ದಿಲ್ಲದೆ ದಾಟುತ್ತಿತ್ತು. ರಾತ್ರಿ ಟ್ಯಾಂಕಿನ ಬುಡದ ವಾಲ್ವನ್ನೇ ಮುಚ್ಚುತ್ತಿದ್ದರಿಂದ ಅದುವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಡಿಸ್‌ಪ್ಲೇಯಲ್ಲಿ ಕಾಣಬೇಕಿತ್ತು ಅಲ್ವಾ? ಕಾಣಲಿಲ್ಲ. ಲೋ ಫ್ಲೋ ಕಟಾಫ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಇಷ್ಟಕ್ಕಿಂತ ಕಡಿಮೆ ಹರಿದರೆ ಸುಮ್ನೆ ಸೊನ್ನೆ ತೋರಿಸು ಅನ್ನುವುದು, ನಮ್ಮಲ್ಲಿ ಅದು 400 ಕಿಲೋಗೆ ಇತ್ತು. ಸೊನ್ನೆ ನೋಡಿದೆ, ಬಟನ್ ಒತ್ತಿದೆ, ಬಸ್ಸಿಗೆ ಓಡಿದೆ. ಮೀಟರ್ ಪಾಪ ಆ 300 ಕಿಲೋವನ್ನೇ ಸೊನ್ನೆ ಅಂತ ನಂಬಿತು. ಅಲ್ಲಿಂದ ಮುಂದೆ 60 ಟನ್ ಹೋದರೆ 59.7 ಅಂತ ಬರೆಯಿತು. ದಿನಕ್ಕೆ ಎಂಟು ಗಂಟೆ ಪಂಪಿಂಗ್ ಅಂದರೆ 2,400 ಕಿಲೋ, ಹನ್ನೊಂದು ದಿನಕ್ಕೆ 26 ಟನ್ ದಾಟಿತು. ಹೊಸ ಝೀರೋ ಅಂಕಿಯನ್ನು ಫೈಲಿನಲ್ಲಿದ್ದ ಹಳೆಯದರ ಪಕ್ಕ ಇಟ್ಟು ನೋಡಿದ್ದರೂ ಸಾಕಿತ್ತು. ಎರಡು ನಿಮಿಷದ ಕೆಲಸ.

ಡಿಪ್‌ಗೂ ಮೀಟರ್‌ಗೂ ವ್ಯತ್ಯಾಸ ಕಂಡಾಗ ಮೊದಲು ಎಲ್ಲರೂ ಬೈದದ್ದು ಬಿಸಿಲಿಗೆ. ಅದು ಪೂರ್ತಿ ಸುಳ್ಳಲ್ಲ. ಡೀಸೆಲ್ ಒಂದು ಡಿಗ್ರಿಗೆ ಸುಮಾರು 0.08% ಹಿಗ್ಗುತ್ತದೆ, ಹತ್ತು ಡಿಗ್ರಿ ಏರಿದರೆ 20,000 ಲೀಟರಿಗೆ 160 ಲೀಟರ್ ಜಾಸ್ತಿ ಕಾಣುತ್ತದೆ, ಅದಕ್ಕೇ ಲೀಟರ್ ಲೆಕ್ಕವನ್ನೆಲ್ಲ 15 ಡಿಗ್ರಿಗೆ ತಂದು ಹೋಲಿಸುವುದು. ಆದರೆ ಕೊರಿಯಾಲಿಸ್ ಅಳೆಯುವುದು ತೂಕ. ತೂಕಕ್ಕೆ ಬಿಸಿಲೇನು, ಮಳೆಯೇನು! ಬಿಸಿಲು ಮುಗಿದ ಮೇಲೆ ಅನುಮಾನ ರಾತ್ರಿ ವಾಚ್‌ಮನ್ ಮೇಲೆ ಹೋಯಿತು. ಕದ್ದು ಮಾರುತ್ತಿದ್ದಾರೆ ಅಂತ. ಮೂರು ದಿನ ಅವರನ್ನು ಡ್ಯೂಟಿಗೆ ಸೇರಿಸಲಿಲ್ಲ. 'ಇರಬಹುದು' ಅಂದವರಲ್ಲಿ ನಾನೂ ಒಬ್ಬ.

ಕೊನೆಗೆ ಹಿರಿಯ ಟೆಕ್ನಿಶಿಯನ್ ಒಬ್ಬರು ರಿಜಿಸ್ಟರ್ ಹಿಡಿದು ಕೂತರು. 60 ಟನ್ ವೇಗದಲ್ಲಿ ವ್ಯತ್ಯಾಸ 0.5%, ಟ್ಯಾಂಕ್ ತುಂಬುವ ಹೊತ್ತಿಗೆ 15 ಟನ್‌ಗೆ ಇಳಿಸಿದಾಗ 2%. "ಹರಿವು ಇಳಿದಾಗ ಪರ್ಸೆಂಟ್ ಏರಿದರೆ ಅದು ಝೀರೋದ ಕತೆ ಮಾರಾಯ, ಎಲ್ಲಾ ವೇಗದಲ್ಲೂ ಒಂದೇ ಪರ್ಸೆಂಟ್ ಇದ್ದರೆ ಮೀಟರ್ ಫ್ಯಾಕ್ಟರ್ ನೋಡಬೇಕು" ಅಂದರು. ಮೀಟರ್ ಫ್ಯಾಕ್ಟರ್ ಅಂದರೆ ಮೀಟರಿನ ಅಂಕಿಯನ್ನು ಸರಿಪಡಿಸಲು ಗುಣಿಸುವ ಸಂಖ್ಯೆ. ಎರಡೂ ವಾಲ್ವ್ ಮುಚ್ಚಿಸಿ ಕಟಾಫ್ ತೆಗೆಸಿದರು. ಹರಿವೇ ಇಲ್ಲ, ಆದರೂ ಡಿಸ್‌ಪ್ಲೇಯಲ್ಲಿ ಮೈನಸ್ 300. ಜೂನ್‌ನಲ್ಲಿ ನನ್ನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ವಾಚ್‌ಮನ್ ಅಣ್ಣ ವಾಪಸ್ ಬಂದರು, ನನ್ನ ಹತ್ತಿರ ಮಾತು ಬಿಟ್ಟರು.

ಹೊಸ ಮೀಟರಿನ ಬ್ರೋಶರಿನಲ್ಲಿ ತಪ್ಪು 0.1% ಮಾತ್ರ ಅಂತ ನೋಡಿ ಆಸೆ ಆಗುವುದು ಸಹಜ. ನಮ್ಮ ಉಡುಪಿ ಕಡೆಯ ಪಾದೂರಿನಲ್ಲಿ ನೆಲದಡಿಯ ತೈಲ ಸಂಗ್ರಹದ ಗುಹೆಯಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುತ್ತದೆ, ಅಲ್ಲಿ 0.1% ಅಂದರೆ 2,500 ಟನ್. ಆದರೆ ಆ 0.1% ಸರಿಯಾಗಿ ಝೀರೋ ಮಾಡಿದ ಮೀಟರ್‌ಗೆ ಬರೆದದ್ದು. ಅಲ್ಟ್ರಾಸಾನಿಕ್ ತಂದು ಬೆಂಡಿನ ಪಕ್ಕ ಕೂರಿಸಿದರೆ ಸುಳಿ ಎದ್ದು ಅದೂ ಕೆಡುತ್ತದೆ. ಅದಕ್ಕೆ ನೇರ ಪೈಪ್ ಬೇಕು, ನಿಮ್ಮಲ್ಲಿ ಜಾಗ ಉಂಟಾ? ಮತ್ತೆ ಡಿಪ್ ಕೂಡ ಸತ್ಯಹರಿಶ್ಚಂದ್ರ ಅಲ್ಲ. 20 ಮೀಟರ್ ಅಡ್ಡಗಲದ ಟ್ಯಾಂಕಿನಲ್ಲಿ ಟೇಪ್ 1 ಮಿಲಿಮೀಟರ್ ತಪ್ಪಿದರೆ 314 ಲೀಟರ್ ಹೋಯಿತು.

ಆ ದುಡ್ಡಲ್ಲಿ ಮಾಸ್ಟರ್ ಮೀಟರ್, ಅಂದರೆ ಹೋಲಿಸಿ ನೋಡಲು ಮೊದಲೇ ಪರೀಕ್ಷಿಸಿಟ್ಟ ಮೀಟರ್ ತರಿಸಿ, ಕನಿಷ್ಠ ಎರಡು ವೇಗದಲ್ಲಿ ಹೋಲಿಸಿ. ಅದಕ್ಕೂ ಮೊದಲು ಹಳೆಯ ಝೀರೋ ಎಷ್ಟು, ಈಗಿನದು ಎಷ್ಟು, ಕಟಾಫ್ ಎಷ್ಟಕ್ಕೆ ಇಟ್ಟಿದ್ದೀರಿ, ಇಷ್ಟನ್ನು ಇಲ್ಲಿ ಬರೆಯಿರಿ, ನೋಡುವ.